ಪಾಡ್‌ಕಾಸ್ಟ್: ಥಾಯ್ಲೆಂಡ್‌ನ ಕೊಡೆ ಹಳ್ಳಿ ನೋಡಿ ಬಂದ ಮೇಲೆ ಚನ್ನಪಟ್ಟಣಕ್ಕೆ ಹೋದೆವು

(ಧ್ವನಿಮುದ್ರಿತ ಮಾತಿನ ಬರಹ ರೂಪ)

ನಾನು ಬಸವೇಶ್ವರನಗರದವಳು. ಹುಟ್ಟಿದ್ದು, ಓದಿದ್ದು ರಾಜಾಜಿನಗರದಲ್ಲಿ. ಮದುವೆಯಾದ ಮೇಲೆ ವಿಜಯನಗರದಲ್ಲಿ ಕೆಲವು ವರ್ಷ ಇದ್ದು, ಈಗ ಹತ್ತು ವರ್ಷದಿಂದ ಬಸವೇಶ್ವರನಗರ. ಅಂದರೆ ನನ್ನ ಇಡೀ ಬದುಕು ಬೆಂಗಳೂರಿನ ಈ ಪಶ್ಚಿಮದ ತುಂಡಿನಲ್ಲೇ ಕಳೆದಿದೆ. ಮೈಸೂರು ರಸ್ತೆ ನಮಗೆ ಮನೆ ಮುಂದಿನ ರಸ್ತೆ ಇದ್ದ ಹಾಗೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಆ ರಸ್ತೆಯ ಪಕ್ಕದ ಒಂದು ಊರಿನ ಕಥೆ. ಆದರೆ ಅದು ಶುರುವಾಗಿದ್ದು ಥಾಯ್ಲೆಂಡಿನಲ್ಲಿ.

ಹೋದ ವರ್ಷ ಮಗಳ ಪರೀಕ್ಷೆ ಮುಗಿದ ಮೇಲೆ ನಾವು ಮೂವರು, ಅಂದರೆ ನಾನು, ನನ್ನ ಯಜಮಾನರು, ಮಗಳು, ಥಾಯ್ಲೆಂಡ್ ಪ್ಯಾಕೇಜ್ ಟೂರ್‌ಗೆ ಹೋಗಿದ್ದೆವು. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಹೋಗಿ ಬಂದಿದ್ದರು, ನಾವೂ ಹೋದೆವು. ಬ್ಯಾಂಕಾಕ್ ಆದ ಮೇಲೆ ಉತ್ತರದ ಚಿಯಾಂಗ್ ಮಾಯ್‌ಗೆ ಕರೆದುಕೊಂಡು ಹೋದರು. ಆ ಪಟ್ಟಣದ ಹತ್ತಿರವೇ ಬೋ ಸಾಂಗ್ ಅಂತ ಒಂದು ಹಳ್ಳಿ ಇದೆ. ಕೊಡೆ ಹಳ್ಳಿ ಅಂತಲೇ ಪ್ರಸಿದ್ಧಿ. ಬಿದಿರಿನ ಕಡ್ಡಿ, ಕೈಯಲ್ಲಿ ಮಾಡಿದ ಕಾಗದ, ಮೇಲೆ ಹೂವು, ಹಕ್ಕಿ, ಆನೆಯ ಚಿತ್ರ. ಆ ಕಾಗದವನ್ನು ಹಿಪ್ಪುನೇರಳೆ ಬಳಗದ ಒಂದು ಮರದ ತೊಗಟೆಯಿಂದ ಮಾಡ್ತಾರೆ. ತೊಗಟೆ ಬೇಯಿಸಿ, ಕುಟ್ಟಿ, ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತಿ ಒಣಗಿಸೋದು. ಇಡೀ ಕೆಲಸ ನಮ್ಮ ಕಣ್ಣೆದುರಿಗೇ ನಡೆಯುತ್ತೆ. ಒಬ್ಬರು ಕಡ್ಡಿ ಸೀಳ್ತಾರೆ, ಒಬ್ಬರು ದಾರ ಪೋಣಿಸ್ತಾರೆ, ಒಬ್ಬರು ಕಾಗದ ಅಂಟಿಸ್ತಾರೆ. ಕೊನೆಯಲ್ಲಿ ಕೂತಿರೋ ಚಿತ್ರಗಾರರು ನಮ್ಮ ಮೊಬೈಲ್ ಕವರ್ ಮೇಲೂ ಚಿತ್ರ ಬರೆದುಕೊಡ್ತಾರೆ. ನನ್ನ ಮಗಳು ತನ್ನ ಕವರ್ ಮೇಲೆ ಒಂದು ಆನೆ ಬರೆಸಿಕೊಂಡಳು. ಅವರು ಕೇಳಿದಷ್ಟು ದುಡ್ಡು ಕೊಟ್ಟು, ಖುಷಿಯಾಗಿ ಫೋಟೋ ತೆಗೆಸಿಕೊಂಡು ಬಂದೆವು. ಕೇಳಿದಷ್ಟು ಕೊಟ್ಟು ಅನ್ನೋ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತೆ.

ಊರಿಗೆ ಬಂದ ಮೇಲೆ ಅಪ್ಪನಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದೆ. ಅಪ್ಪನಿಗೆ ಈಗ ಎಪ್ಪತ್ತಾರು. ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟರ್ನರ್ ಆಗಿದ್ದವರು. ಅಂದರೆ ಲೇತ್ ಕೆಲಸ. ಕಬ್ಬಿಣದ ಸರಳನ್ನು ಲೇತಿಗೆ ಕಟ್ಟಿ ಬುಷ್, ಶಾಫ್ಟ್, ಪಿನ್ ಕಡೆಯೋದು. ಅಪ್ಪ ದೇವಸ್ಥಾನ ನೋಡಲಿಲ್ಲ, ಸಮುದ್ರ ನೋಡಲಿಲ್ಲ. ಕೊಡೆ ಹಳ್ಳಿಯ ವಿಡಿಯೊ ಬಂದಾಗ ಮಾತ್ರ, 'ನಿಲ್ಸು, ಹಿಂದಕ್ಕೆ ಹಾಕು' ಅಂದರು. ಕೊಡೆಯ ನೆತ್ತಿಯಲ್ಲಿ ಕಡ್ಡಿಗಳೆಲ್ಲ ಸೇರೋ ಒಂದು ಮರದ ಗುಬ್ಬಿ ಇರುತ್ತಲ್ಲ, ಅದನ್ನು ಒಬ್ಬರು ಕಡೀತಾ ಇದ್ದರು. ಅಪ್ಪನ ಕಣ್ಣು ಹೋಗಿದ್ದು ಅಲ್ಲಿಗೆ.

'ಇದನ್ನ ನೋಡೋಕೆ ಅಷ್ಟು ದೂರ ಹೋದ್ರಾ? ನಮ್ಮ ಚನ್ನಪಟ್ಟಣದಲ್ಲಿ ಇದನ್ನೇ ಮಾಡ್ತಾರೆ' ಅಂದರು.

'ನೀವು ನೋಡಿದ್ದೀರಾ ಅಪ್ಪ?' ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ' ಅಂದರು.

ಮೂವತ್ತನಾಲ್ಕು ವರ್ಷ ಲೇತ್ ಮುಂದೆ ನಿಂತ ಮನುಷ್ಯ, ಅರವತ್ತು ಕಿಲೋಮೀಟರ್ ದೂರದಲ್ಲಿ ಅದೇ ಯಂತ್ರದ ಮೇಲೆ ಬದುಕೋ ಒಂದು ಊರನ್ನು ನೋಡಿಲ್ಲ. ನಾನೂ ನೋಡಿಲ್ಲ. ಮೈಸೂರಿಗೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಗೊಂಬೆ ಕೊಂಡಿದ್ದೀನಿ. ಆದರೆ ಆ ಗೊಂಬೆ ಎಲ್ಲಿ, ಯಾರ ಕೈಯಲ್ಲಿ ಆಗುತ್ತೆ ಅಂತ ಒಳಗೆ ಹೋಗಿ ನೋಡಿದವಳಲ್ಲ. ಮುಂದಿನ ಭಾನುವಾರವೇ ಹೋಗೋಣ ಅಂತ ತೀರ್ಮಾನ ಮಾಡಿದೆವು.

ಹೋಗುವ ದಿನವೇ ಒಂದು ಎಡವಟ್ಟು ಆಯಿತು. ನಾಯಂಡಹಳ್ಳಿ, ಕೆಂಗೇರಿ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿದೆವು. ನಿಮಗೆ ಗೊತ್ತಿರುತ್ತೆ, 118 ಕಿಲೋಮೀಟರ್‌ನ ಈ ಬೆಂಗಳೂರು–ಮೈಸೂರು ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್ ಮಾಡಿಕೊಂಡು ಹೋಗುತ್ತೆ. ಬೈಕು, ಆಟೊಗಳಿಗೆ ಅದೇ ವರ್ಷ ಆಗಸ್ಟ್‌ನಿಂದ ಮುಖ್ಯ ರಸ್ತೆ ಬಂದ್. ಕಾರಿಗೆ ಮಾತ್ರ ಬೆಣ್ಣೆಯ ಹಾಗೆ. ನಾವು ಮಾತಾಡಿಕೊಂಡು ಕೂತಿದ್ದೆವು. ಚನ್ನಪಟ್ಟಣಕ್ಕೆ ಇಳಿಯಬೇಕಾದ ಜಾಗ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. 'ಏನಮ್ಮಾ, ಊರೇ ಬರಲಿಲ್ವಲ್ಲ' ಅಂತ ಅಪ್ಪ ಕೇಳೋ ಹೊತ್ತಿಗೆ ಮದ್ದೂರು ಹತ್ತಿರ ಇದ್ದೆವು. ಬಂದದ್ದಕ್ಕೆ ಮದ್ದೂರು ವಡೆ ತಿಂದು, ಹಳೇ ರಸ್ತೆಯಲ್ಲಿ ವಾಪಸ್ ಚನ್ನಪಟ್ಟಣಕ್ಕೆ ಬಂದೆವು.

ತಪ್ಪು ನಮ್ಮದೇ. ಆದರೆ ಆ ತಪ್ಪಿನಿಂದ ಒಂದು ವಿಷಯ ಅರ್ಥವಾಯಿತು. ಮುಂಚೆ ಮೈಸೂರಿಗೆ ಹೋಗೋರು ಚನ್ನಪಟ್ಟಣವನ್ನು ತಪ್ಪಿಸೋಕೆ ಸಾಧ್ಯವೇ ಇರಲಿಲ್ಲ. ರಸ್ತೆ ಊರಿನ ಮಧ್ಯೆಯೇ ಹೋಗ್ತಾ ಇತ್ತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ ಮರದ ಕುದುರೆ ಮಕ್ಕಳ ಕಣ್ಣಿಗೆ ಬೀಳ್ತಾ ಇತ್ತು. ಮಕ್ಕಳು ಹಟ ಮಾಡೋದು, ಅಪ್ಪ-ಅಮ್ಮ ಗಾಡಿ ನಿಲ್ಲಿಸೋದು, ಅಲ್ಲೇ ವ್ಯಾಪಾರ. ಈಗ ಉಲ್ಟಾ. ಈಗ ಈ ಊರನ್ನು ನೋಡಬೇಕು ಅಂತ ಮನಸ್ಸು ಮಾಡಿದರೆ ಮಾತ್ರ ನೋಡೋಕಾಗುತ್ತೆ. ಮನಸ್ಸು ಮಾಡಿದ ನಾವೇ ದಾಟಿ ಹೋಗಿದ್ದೆವು!

ಹಳೇ ರಸ್ತೆಯ ಅಂಗಡಿಗಳಲ್ಲಿ ಕೆಲವು ತೆಗೆದಿದ್ದವು, ಕೆಲವು ಬಾಗಿಲು ಹಾಕಿದ್ದವು. ಒಂದು ಅಂಗಡಿಗೆ ಹೋದೆವು. ಮಗಳು ಒಂದು ಬಣ್ಣದ ರೈಲು ಎತ್ತಿಕೊಂಡಳು. ಅಪ್ಪ ಅದನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ, ನನಗೆ ಮಾತ್ರ ಕೇಳೋ ಹಾಗೆ, 'ಇದು ಲೇತ್ ಮೇಲೆ ಬಂದಿದ್ದಲ್ಲ' ಅಂದರು.

ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಅಪ್ಪ ಹೇಳಿದ್ದು ಇದು. ಲೇತ್ ಮೇಲೆ ಕಟ್ಟಿದ ವಸ್ತು ಗಿರ್ರಂತ ತಿರುಗುತ್ತೆ, ಆದ್ದರಿಂದ ಅದರ ಮೇಲೆ ಬರೋದೆಲ್ಲ ದುಂಡಗೇ ಬರಬೇಕು. ಚೆಂಡು, ಕೊಳವೆ, ಬಟ್ಟಲು, ಮೊಟ್ಟೆ, ಗಾಲಿ, ಉಂಗುರ. ಚನ್ನಪಟ್ಟಣದ ಗೊಂಬೆ ನೋಡಿ, ಅದರ ತಲೆ ಒಂದು ಚೆಂಡು, ಮೈ ಒಂದು ಗಂಟೆ, ಟೋಪಿ ಒಂದು ಬಟ್ಟಲು. ರಾಜ ಆಗಲಿ, ಪೊಲೀಸ್ ಆಗಲಿ, ಮದುವೆ ಹೆಣ್ಣು-ಗಂಡು ಆಗಲಿ, ದುಂಡನೆಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿದ್ದು. ಆ ರೈಲು ಪೂರ್ತಿ ಚಪ್ಪಟೆ. ಪ್ಲೈವುಡ್ ಕತ್ತರಿಸಿ ಅಂಟಿಸಿದ್ದು. ಬ್ರಷ್ ಎಳೆದ ಗೆರೆ ಬೇರೆ ಕಾಣ್ತಾ ಇತ್ತು. ಮೂಗಿನ ಹತ್ತಿರ ಹಿಡಿದರೆ ಪೇಂಟ್ ವಾಸನೆ.

ಅಂಗಡಿಯವರಿಗೆ ನಮ್ಮ ಗುಸುಗುಸು ಕೇಳಿಸಿರಬೇಕು. ಜಗಳ ಮಾಡಲಿಲ್ಲ. 'ಎರಡೂ ಇಟ್ಟಿದೀವಿ ಮೇಡಂ. ಜನ ಕಮ್ಮಿದು ಕೇಳ್ತಾರೆ. ಬರೀ ಅರಗಿನ ಗೊಂಬೆ ಇಟ್ಕೊಂಡ್ರೆ ಬಾಡಿಗೆ ಕಟ್ಟಕ್ಕಾಗಲ್ಲ' ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದರೆ ಆ 'ಕಮ್ಮಿದು ಕೇಳೋ ಜನ' ನಾನೇ. ನಮ್ಮ ಮನೆ ಶೋಕೇಸಿನಲ್ಲಿ 'ಚನ್ನಪಟ್ಟಣದ್ದು' ಅಂತ ಹೇಳಿಕೊಂಡು ಇಟ್ಟಿರೋ ಎರಡು ಗೊಂಬೆಗಳಲ್ಲಿ ಒಂದು ಪ್ಲಾಸ್ಟಿಕ್ ಅಂತ ಮನೆಗೆ ಬಂದ ಮೇಲೆ ಅಪ್ಪ ತೋರಿಸಿಕೊಟ್ಟರು.

ಒಂದು ಆಟೊದವರನ್ನು ಕೇಳಿ ಕಲಾನಗರಕ್ಕೆ ಹೋದೆವು. ಗೊಂಬೆ ಕೆಲಸದವರು ಹೆಚ್ಚಾಗಿ ಇರೋ ಬಡಾವಣೆ ಅದು. ಬೀದಿಗೆ ಕಾಲಿಟ್ಟ ಕೂಡಲೇ ಸದ್ದು. ಒಂದೊಂದು ಮನೆಯಿಂದಲೂ ಮೋಟರ್ ತಿರುಗೋ ಸದ್ದು. ಅಪ್ಪ ಸ್ವಲ್ಪ ನಿಂತರು. 'ನಮ್ಮ ಇಂಡಸ್ಟ್ರಿಯಲ್ ಟೌನ್ ಮೂರನೇ ಕ್ರಾಸ್ ಇದ್ದಂಗಿದೆ' ಅಂದರು. ಅಲ್ಲಿ ಈಗ ಆ ಸದ್ದು ಕಮ್ಮಿಯಾಗಿದೆ. ಅಪ್ಪ ಕೆಲಸ ಮಾಡಿದ ಜಾಗದಲ್ಲಿ ಈಗ ಬೇರೆ ಕಟ್ಟಡ ಎದ್ದಿದೆ.

ಒಂದು ಮನೆಯ ಮುಂಭಾಗದ ಕೋಣೆಯಲ್ಲಿ ಒಬ್ಬ ಹಿರಿಯರು, ಅವರ ಸೊಸೆ, ಇಬ್ಬರೂ ಒಂದೊಂದು ಲೇತ್ ಮುಂದೆ ಕೂತಿದ್ದರು. 'ನೋಡಬಹುದಾ ಭಾಯ್?' ಅಂತ ಅಪ್ಪ ಕೇಳಿದರು. 'ಬನ್ನಿ ಸಾರ್, ಬನ್ನಿ, ಕೂತ್ಕಳಿ' ಅಂತ ಸ್ಟೂಲ್ ಕೊಟ್ಟರು. ಅವರ ಮನೆಮಾತು ಉರ್ದು, ನಮ್ಮ ಜೊತೆ ಮಾತಾಡಿದ್ದು ಅಚ್ಚ ಹಳೇ ಮೈಸೂರಿನ ಕನ್ನಡ.

ಅಲ್ಲಿ ನಾವು ನೋಡಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಗೊಂಬೆಗೆ ಬಳಸೋ ಸಾಂಪ್ರದಾಯಿಕ ಮರ ಆಲೆ ಮರ. ಕೆಲವರು ಹಾಲೆ ಅಂತಲೂ ಅಂತಾರೆ. ಆನೆದಂತದ ಹಾಗೆ ಬಿಳುಪು, ನಾರು ನಯ, ಮೃದು, ಆದರೆ ಬೇಗ ಸೀಳಲ್ಲ. ಮರ ತಂದ ಕೂಡಲೇ ಕೆಲಸಕ್ಕೆ ಬರಲ್ಲ. ಎರಡು-ಮೂರು ತಿಂಗಳು ಒಣಗಬೇಕು. ಹಸಿ ಮರದಲ್ಲಿ ಮಾಡಿದರೆ ಆಮೇಲೆ ಬಿರುಕು ಬಿಡುತ್ತೆ. ದೊಡ್ಡ ಸಾಮಾನಿಗೆ ರಬ್ಬರ್ ಮರ ಮುಂತಾದವನ್ನೂ ಈಗ ಬಳಸ್ತಾರೆ.

ಒಣಗಿದ ತುಂಡನ್ನು ಲೇತಿಗೆ ಕಟ್ಟಿ, ಉಳಿ ಹಿಡಿದು ಕಡೀತಾರೆ. ಅಪ್ಪನಿಗೆ ಮೊದಲ ಆಶ್ಚರ್ಯ ಇಲ್ಲೇ. ಕಬ್ಬಿಣದ ಲೇತಿನಲ್ಲಿ ಟೂಲನ್ನು ಯಂತ್ರವೇ ಹಿಡಿದಿರುತ್ತೆ, ಟೂಲ್ ಪೋಸ್ಟ್ ಅಂತಾರೆ. ಟರ್ನರ್ ಹಿಡಿಕೆ ತಿರುಗಿಸ್ತಾನೆ ಅಷ್ಟೇ. ಅಳತೆಗೆ ಮೈಕ್ರೋಮೀಟರ್ ಇರುತ್ತೆ. ಇಲ್ಲಿ ಉಳಿ ಇರೋದು ಕೈಯಲ್ಲಿ. ಅಳತೆ ಇರೋದು ಕಣ್ಣಲ್ಲಿ. ಆ ಹೆಣ್ಣುಮಗಳು ಒಂದೇ ಕೋಲಿನಲ್ಲಿ ಒಂದರ ಪಕ್ಕ ಒಂದು ಆರು ಮಣಿ ಕಡೆದಳು, ಆರೂ ಒಂದೇ ಗಾತ್ರ. ಅಪ್ಪ ಬಗ್ಗಿ ನೋಡ್ತಾನೇ ಇದ್ದರು.

ಆಮೇಲೆ ಬಣ್ಣ. ಇಲ್ಲಿ ಬ್ರಷ್ ಇಲ್ಲ. ಅರಗು ಇದೆ. ಅರಗಿನ ಮನೆ ಕಥೆ ನಮಗೆಲ್ಲ ಗೊತ್ತು, ಪಾಂಡವರನ್ನು ಸುಡೋಕೆ ಕಟ್ಟಿಸಿದ್ದು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಮೇಲೆ ಕೆಂಪಗೆ ಮುದ್ರೆ ಒತ್ತುತ್ತಾ ಇದ್ದರಲ್ಲ, ಅದೂ ಅರಗೇ. ಮರದ ಕೊಂಬೆಗಳ ಮೇಲೆ ಕೂರೋ ಒಂದು ಸಣ್ಣ ಹುಳು ಹೊರಹಾಕುವ ಅಂಟಿನಿಂದ ಸಿಗೋ ವಸ್ತು. ನಮ್ಮ ದೇಶದಲ್ಲಿ ಹೆಚ್ಚು ಬರೋದು ಜಾರ್ಖಂಡ್ ಕಡೆಯಿಂದ. ಅದನ್ನು ಕಾಯಿಸಿ, ಬಣ್ಣ ಬೆರೆಸಿ, ನಾದಿ, ಕಡ್ಡಿ ಮಾಡಿ ಇಟ್ಟುಕೊಂಡಿರ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಹೀಗೆ ಗಿಡಮೂಲದ ಬಣ್ಣ. ತಿರುಗ್ತಾ ಇರೋ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಬೆಂಕಿ ಇಲ್ಲ, ನೀರಿಲ್ಲ. ಒಂದು ಕ್ಷಣದ ಹಿಂದೆ ಬಿಳೀ ಮರ ಇದ್ದಿದ್ದು ಹಳದಿ ಆಯಿತು. ಪಕ್ಕದಲ್ಲಿ ಕೆಂಪು ಕಡ್ಡಿ ತಾಗಿಸಿದರು, ಕೆಂಪು ಪಟ್ಟೆ ಬಂತು.

ಕೊನೆಗೆ ಹೊಳಪು. ಅದಕ್ಕೆ ಕೇದಗೆಯ ಒಣ ಗರಿ. ತಾಳೆ ಹೂ ಅಂತ ಹೆಣ್ಣುಮಕ್ಕಳು ಜಡೆಗೆ ಮುಡೀತಿದ್ದರಲ್ಲ, ಆ ಗಿಡದ ಎಲೆ. ಅದನ್ನು ಮಡಿಸಿ ತಿರುಗೋ ಗೊಂಬೆಗೆ ಒತ್ತಿದರೆ ಅರಗು ಸಮನಾಗಿ ಹರಡಿ, ಕನ್ನಡಿ ಥರ ಹೊಳೆಯುತ್ತೆ. ಅರಗು ಮರದೊಳಕ್ಕೆ ಹಿಡಿದುಕೊಂಡಿರೋದರಿಂದ ಪೇಂಟಿನ ಹಾಗೆ ಪದರ ಪದರವಾಗಿ ಏಳಲ್ಲ. ಚಿಕ್ಕಮಕ್ಕಳು ಬಾಯಿಗೆ ಹಾಕ್ಕೊಳ್ಳೋ ಗಿಲಕಿಯನ್ನು ಈ ಊರಿನವರು ಧೈರ್ಯವಾಗಿ ಮಾಡಿಕೊಂಡು ಬಂದಿರೋದು ಇದೇ ಕಾರಣಕ್ಕೆ.

ನೋಡ್ತಾ ಇದ್ದ ಹಾಗೇ ಕರೆಂಟ್ ಹೋಯಿತು. ಬೀದಿಯ ಸದ್ದೆಲ್ಲ ಒಟ್ಟಿಗೇ ನಿಂತಿತು. ಹಿರಿಯರು ಕೈ ಒರೆಸಿಕೊಂಡು ಟೀ ತರಿಸಿದರು. ಆಗ ಮಾತು ಶುರುವಾಯಿತು.

ಈ ಕೆಲಸ ಇಲ್ಲಿಗೆ ಬಂದ ಬಗ್ಗೆ ಊರಲ್ಲಿ ಹೇಳೋ ಕಥೆ ನಿಮಗೂ ಗೊತ್ತಿರಬಹುದು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದ ಅಂತಾರೆ. ಆಮೇಲೆ, ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಅನ್ನೋರು ಜಪಾನಿನ ಗೊಂಬೆ ಮಾಡುವ ಕ್ರಮವನ್ನು ಇಲ್ಲಿಗೆ ತಂದು ಕಲಿಸಿದರು ಅಂತ ಅವರನ್ನು ಇವತ್ತಿಗೂ ಗೌರವದಿಂದ ನೆನೀತಾರೆ. ಜಪಾನಿನಲ್ಲಿ ಕೊಕೆಶಿ ಅಂತ ಒಂದು ಗೊಂಬೆ ಇದೆ. ಅದೂ ಲೇತ್ ಮೇಲೇ ಕಡೆಯೋದು, ದುಂಡು ತಲೆ, ಕೊಳವೆಯಂಥ ಮೈ. ಅಲ್ಲಿನ ಉತ್ತರದ ಬಿಸಿನೀರಿನ ಬುಗ್ಗೆಗಳಿಗೆ ಸ್ನಾನಕ್ಕೆ ಬರೋ ಜನಕ್ಕೆ ಮಾರೋದಕ್ಕೆ ಅಂತ ಹುಟ್ಟಿದ್ದು. ಅಂದರೆ ಅದೂ ದಾರಿಹೋಕರನ್ನು ನಂಬಿ ಬೆಳೆದ ಕಸುಬು. ಬೋ ಸಾಂಗ್‌ನ ಕೊಡೆಯೂ ಈಗ ಹಾಗೇ, ಚನ್ನಪಟ್ಟಣದ ಗೊಂಬೆಯೂ ಹಾಗೇ. ಬರೋರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಸರಿಗೇನೂ ಕಮ್ಮಿ ಇಲ್ಲ. ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಸಿಕ್ಕಿ ಸುಮಾರು ಇಪ್ಪತ್ತು ವರ್ಷ ಆಗ್ತಾ ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಈ ಊರಿನ ಹೆಸರು ಹೇಳಿದರು. 2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಕರಕುಶಲ ಕಲೆಗಳದ್ದೇ ಆಗಿತ್ತು, ಅದರಲ್ಲಿ ಈ ಗೊಂಬೆಗಳೂ ಇದ್ದವು. 2021ರಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯ ಮಾಡಿದಾಗ, ನೋಂದಾಯಿತ ಕುಶಲಕರ್ಮಿಗಳ ಸಾಮಾನಿಗೂ ಜಿಐ ಇರೋ ಆಟಿಕೆಗೂ ವಿನಾಯಿತಿ ಕೊಟ್ಟರು. ಇದೆಲ್ಲ ಒಳ್ಳೆಯದೇ. ಆದರೆ ಆ ಹಿರಿಯರು ಇದರಲ್ಲಿ ಯಾವುದನ್ನೂ ಹೇಳಲಿಲ್ಲ. ಅವರು ಹೇಳಿದ್ದು ಮಗನ ಬಗ್ಗೆ.

'ಮಗ ಬೆಂಗ್ಳೂರಲ್ಲಿ ಕ್ಯಾಬ್ ಓಡಿಸ್ತಾನೆ ಸಾರ್. ಕೆಂಗೇರಿ ಹತ್ರ ರೂಮ್ ಮಾಡ್ಕೊಂಡವ್ನೆ. ವಾರಕ್ಕೊಂದ್ಸಲ ಬತ್ತಾನೆ. ಇದು ನಿಂಗೆ ಬ್ಯಾಡ ಅಂತ ನಾನೇ ಅಂದೆ. ಇದು ಪೀಸ್ ಲೆಕ್ಕ. ಪೀಸ್ ಹೋದ್ರೆ ಊಟ.'

ಅಪ್ಪ ಟೀ ಲೋಟ ಕೆಳಗಿಟ್ಟರು. 'ನಂದೂ ಪೀಸ್ ಲೆಕ್ಕ ಇತ್ತು. ನಾನೂ ನನ್ನ ಮಗನಿಗೆ ಅದನ್ನೇ ಅಂದೆ' ಅಂದರು.

ಅದು ನಿಜ. ನನ್ನ ಅಣ್ಣನಿಗೆ ಹತ್ತನೇ ಕ್ಲಾಸ್ ಮುಗಿದ ಮೇಲೆ ಐಟಿಐ ಸೇರೋ ಆಸೆ ಇತ್ತು. ಅಪ್ಪ ಬಿಡಲಿಲ್ಲ. ಕೈಯಲ್ಲಿ ಗ್ರೀಸ್ ಆಗೋ ಕೆಲಸ ಬೇಡ ಅಂದರು. ಅಣ್ಣ ಬಿಕಾಂ ಮಾಡಿ ಆಫೀಸ್ ಸೇರಿದ. ಚೆನ್ನಾಗೇ ಇದ್ದಾನೆ. ನನಗೆ ಲೇತ್ ಕಲಿಸೋ ಮಾತಂತೂ ಯಾರ ತಲೆಗೂ ಬಂದಿರಲಿಲ್ಲ, ಹೆಣ್ಣುಮಗು ಅಂತ. ಈಗ ನಮ್ಮೆದುರು ಆ ಸೊಸೆ ಕೂತಿದ್ದಾಳೆ. ಮದುವೆಯಾಗಿ ಬಂದ ಮೇಲೆ ಕಲಿತಿದ್ದಂತೆ. ಊರಿನಲ್ಲಿ ಅವಳ ಹಾಗೆ ಈ ಕೆಲಸ ಮಾಡೋ ಹೆಂಗಸರು ತುಂಬಾ ಜನ ಇದ್ದಾರೆ. ಗಂಡಸರು ಬೇರೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಮನೆಗಳಲ್ಲಿ ಲೇತ್ ನಿಲ್ಲದ ಹಾಗೆ ನೋಡಿಕೊಂಡಿರೋರು ಇವರು.

'ನಿಂಗೆ ಇಷ್ಟಾನಾಮ್ಮ ಈ ಕೆಲಸ?' ಅಂತ ಅಪ್ಪ ಕೇಳಿದರು. ಅವಳು ನಕ್ಕಳು. 'ಮನೇಲೇ ಇದೆ ಅಲ್ವಾ ಅಂಕಲ್. ಅಡುಗೆ ಆದ್ಮೇಲೆ ಕೂತ್ಕತೀನಿ. ಕೈ ಕೂತ್ಮೇಲೆ ಇಷ್ಟ ಆಯ್ತು' ಅಂದಳು.

ಕರೆಂಟ್ ಬಂತು. ಹಿರಿಯರು ಏನನ್ನೋ ಗಮನಿಸಿರಬೇಕು. 'ನೀವೂ ಕೂತ್ಕಳಿ ಸಾರ್, ಒಂದು ಮಾಡಿ' ಅಂತ ತಮ್ಮ ಜಾಗ ಬಿಟ್ಟುಕೊಟ್ಟರು. ಅಪ್ಪ ಬೇಡ ಬೇಡ ಅಂತಲೇ ಕೂತರು. ಲೇತ್ ಬಿಟ್ಟು ಹದಿನೆಂಟು ವರ್ಷ ಆಗಿತ್ತು. ಒಂದು ತುಂಡು ಆಲೆ ಮರ ಕಟ್ಟಿಕೊಟ್ಟರು, ಬುಗುರಿ ಮಾಡೋಕೆ. ಉಳಿ ಇಟ್ಟ ಕೂಡಲೇ ಟಕ್ ಅಂತ ಕಚ್ಚಿಕೊಂಡು ಅರ್ಧ ಇಂಚು ತುಂಡು ಹಾರಿಹೋಯಿತು. ನನ್ನ ಎದೆ ಧಸಕ್ಕೆಂದಿತು. 'ಕಬ್ಬಿಣಕ್ಕೆ ಕೊಟ್ಟಂಗೆ ಜೋರು ಕೊಡ್ಬೇಡಿ ಸಾರ್. ಇದು ಮರ, ಕೇಳಿಸ್ಕಂಡು ಕೊಡಿ' ಅಂದರು ಹಿರಿಯರು. ಎರಡನೇ ತುಂಡಿಗೆ ಅಪ್ಪನ ಕೈ ಹದಕ್ಕೆ ಬಂತು. ಬಿಳೀ ಹೊಟ್ಟು ಸುರುಳಿ ಸುರುಳಿಯಾಗಿ ಅವರ ಪ್ಯಾಂಟಿನ ಮೇಲೆ ಬೀಳ್ತಾ ಇತ್ತು. ಹಸಿರು ಅರಗಿನ ಕಡ್ಡಿ ಒತ್ತಿದರು. ಕೈ ಸ್ವಲ್ಪ ನಡುಗ್ತಾ ಇತ್ತು, ಪಟ್ಟೆ ಸೊಟ್ಟಗೆ ಬಂತು. ಕೇದಗೆ ಗರಿ ಹಿಡಿದು ಹೊಳಪು ಕೊಟ್ಟಿದ್ದು ಆ ಹೆಣ್ಣುಮಗಳು.

ನೆಲದ ಮೇಲೆ ಆಡಿಸಿ ನೋಡಿದರೆ ಬುಗುರಿ ನಾಲ್ಕು ಸುತ್ತು ತಿರುಗಿ ಒಂದು ಕಡೆಗೆ ವಾಲಿಕೊಂಡು ಬಿತ್ತು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕರು. 'ಮೂವತ್ನಾಕು ವರ್ಷದ ಸರ್ವಿಸ್ ಇವತ್ತು ವೇಸ್ಟಾಯ್ತು' ಅಂದರು.

ಈಗ ನಾನು ಹೇಳಲೇಬೇಕಾದ, ಹೇಳೋಕೆ ನಾಚಿಕೆಯಾಗೋ ಒಂದು ವಿಷಯ. ಹೊರಡುವಾಗ ಪಕ್ಕದ ಮನೆಯ ಮಗುವಿಗೆ ಅಂತ ಒಂದು ಗಿಲಕಿ, ಒಂದು ತಳ್ಳುಗಾಡಿ, ನಮ್ಮ ಮನೆಗೆ ಅಂತ ತಲೆ ಆಡಿಸೋ ಗೊಂಬೆ ಜೋಡಿ ತಗೊಂಡೆ. ಅವರು ಬೆಲೆ ಹೇಳಿದರು. ನಾನು ಅಭ್ಯಾಸಬಲದಿಂದ, 'ನೋಡಿ ಹಾಕಿಕೊಡಿ, ಮೂರು ತಗೊಂಡಿದ್ದೀವಲ್ಲ, ನೂರು ರೂಪಾಯಿ ಕಮ್ಮಿ ಮಾಡಿ' ಅಂದೆ. ಹಿರಿಯರು ಏನೂ ಅನ್ನದೆ ಹೂಂ ಅನ್ನೋ ಹಾಗೆ ತಲೆ ಆಡಿಸಿದರು. ಅಪ್ಪ ನನ್ನ ಕಡೆ ತಿರುಗಿದರು. ಜೋರಾಗಿ ಮಾತಾಡೋರಲ್ಲ ನಮ್ಮ ಅಪ್ಪ.

'ಬರ್ತಾ ಟೋಲ್ ಗೇಟಲ್ಲಿ ಚೌಕಾಸಿ ಮಾಡಿದ್ಯಾ?' ಅಂತ ಕೇಳಿದರು.

ನನ್ನ ಬಾಯಿ ಕಟ್ಟಿಹೋಯಿತು. ಟೋಲಿನಲ್ಲಿ ಮಾಡಿರಲಿಲ್ಲ. ಮಾಲ್‌ನಲ್ಲಿ ಕಾಫಿ ಕುಡಿಯುವಾಗ ಮಾಡಲ್ಲ. ಬೋ ಸಾಂಗ್‌ನಲ್ಲಿ ಮೊಬೈಲ್ ಕವರ್ ಮೇಲೆ ಆನೆ ಬರೆಸಿಕೊಂಡಾಗಲೂ ಮಾಡಿರಲಿಲ್ಲ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಅಲ್ಲಿ ಅದು ಕಲೆ ಅನ್ನಿಸಿತ್ತು. ಇಲ್ಲಿ, ಮರ ಒಣಗೋಕೆ ಮೂರು ತಿಂಗಳು ಬೇಕು ಅಂತ ಕೇಳಿದ ಮೇಲೂ, ಆ ಹೆಣ್ಣುಮಗಳು ಅಡುಗೆ ಮುಗಿಸಿ ಬಂದು ಲೇತಿಗೆ ಕೂರ್ತಾಳೆ ಅಂತ ಗೊತ್ತಾದ ಮೇಲೂ, ನನಗೆ ಅದು ರಸ್ತೆ ಬದಿ ಸಾಮಾನು ಅನ್ನಿಸಿತ್ತು. ಪೂರ್ತಿ ದುಡ್ಡು ಕೊಟ್ಟೆ. ಆ ಸೊಟ್ಟ ಬುಗುರಿಗೂ ದುಡ್ಡು ಕೊಡೋಕೆ ಅಪ್ಪ ಹೋದರು. ಹಿರಿಯರು ತಗೊಳ್ಳಲಿಲ್ಲ. 'ಅದು ನಿಮ್ಮ ಪೀಸು ಸಾರ್, ನಾನ್ಯಾಕೆ ಕಾಸು ತಗಳ್ಳಿ' ಅಂದರು.

ನಾನು ಎಕ್ಸ್‌ಪ್ರೆಸ್‌ವೇ ಬೇಡ ಅಂತ ಹೇಳ್ತಾ ಇಲ್ಲ. ಮೈಸೂರಿನಲ್ಲಿರೋ ನಮ್ಮ ಅತ್ತೆಗೆ ಹುಷಾರಿಲ್ಲ ಅಂದಾಗ ಅದೇ ರಸ್ತೆಯಲ್ಲಿ ಬೇಗ ಹೋಗಿ ತಲುಪಿದವರು ನಾವು. ಚನ್ನಪಟ್ಟಣದ ಒಳಗೆ ಲಾರಿ-ಬಸ್ಸುಗಳ ಹೊಗೆ ಕಮ್ಮಿಯಾಗಿದ್ದು ಅಲ್ಲಿಯವರಿಗೂ ಒಳ್ಳೆಯದೇ. ಆದರೆ ರಸ್ತೆ ಬದಲಾದ ಮೇಲೆ ನಮ್ಮ ಅಭ್ಯಾಸವೂ ಬದಲಾಗಬೇಕು. ಮುಂಚೆ ಊರು ನಮ್ಮ ದಾರಿಗೆ ಬರ್ತಾ ಇತ್ತು. ಈಗ ನಾವು ಊರಿನ ದಾರಿಗೆ ಹೋಗಬೇಕು. ಅಷ್ಟೇ ವ್ಯತ್ಯಾಸ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿದ್ದಾರೆ. ಹೆಸರಿನ ಲೆಕ್ಕದಲ್ಲಿ ಚನ್ನಪಟ್ಟಣ ಈಗ ನಮ್ಮ ಬೆಂಗಳೂರೇ. ಚಿಯಾಂಗ್ ಮಾಯ್‌ಗೆ ಹೋಗೋ ನಮಗೆ ಇದು ದೂರ ಅಲ್ಲ.

ಹೋಗಬೇಕು ಅನ್ನಿಸಿದವರಿಗೆ ಕೆಲವು ಮಾತು. ಕಾರಿನಲ್ಲಿ ಹೋಗೋರು ಬಿಡದಿ, ರಾಮನಗರದ ಮೇಲೆ ಹಳೇ ರಸ್ತೆಯಲ್ಲೇ ಹೋಗಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ಸಿಗುತ್ತೆ, ಇಳಿಯೋ ಜಾಗ ತಪ್ಪಿಹೋಗೋ ಭಯವೂ ಇಲ್ಲ. ಕಾರ್ ಬೇಡ ಅಂದರೆ ರೈಲು ಇದೆ. ಬೆಂಗಳೂರು–ಮೈಸೂರು ಮಾರ್ಗದ ಪ್ಯಾಸೆಂಜರ್ ಗಾಡಿಗಳು ಕೆಂಗೇರಿಯಲ್ಲೂ ನಿಲ್ಲುತ್ತವೆ, ಚನ್ನಪಟ್ಟಣದಲ್ಲೂ ನಿಲ್ಲುತ್ತವೆ. ವಿಜಯನಗರ, ಅತ್ತಿಗುಪ್ಪೆ ಕಡೆಯವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆಂಗೇರಿವರೆಗೆ ಹೋಗಬಹುದು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಬಸ್ಸೂ ಇದೆ. ಊರಿನಲ್ಲಿ ಇಳಿದು ಆಟೊದವರಿಗೆ ಕಲಾನಗರ ಅಂದರೆ ಸಾಕು.

ಕೊಳ್ಳುವಾಗ ದುಂಡಗಿದೆಯಾ ನೋಡಿ. ಮೂಸಿ ನೋಡಿ, ಪೇಂಟ್ ವಾಸನೆ ಬರಬಾರದು. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಬಣ್ಣ ಸಿಪ್ಪೆಯ ಹಾಗೆ ಏಳಬಾರದು. ಇದು ಎಲ್ಲಿ ಕಡೆದಿದ್ದು, ಯಾವ ಮರ, ಅರಗಿನದಾ ಅಂತ ಕೇಳಿ. ಕೇಳೋ ಜನ ಜಾಸ್ತಿ ಆದರೆ ಅಂಗಡಿಯವರೂ ಅರಗಿನ ಗೊಂಬೆಯನ್ನು ಮುಂದಿನ ಸಾಲಿಗೆ ತರ್ತಾರೆ. ಆಗೋದಾದರೆ ಮಾಡುವವರ ಮನೆಯಿಂದಲೇ ಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಲೇತ್ ಮುಂದೆ ಹತ್ತು ನಿಮಿಷ ನಿಂತ ಮಗು ಆ ಗೊಂಬೆಯನ್ನು ಸುಲಭಕ್ಕೆ ಬಿಸಾಕಲ್ಲ, ಇದು ನನ್ನ ಮನೆಯ ಅನುಭವ.

ಈ ಸಲ ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದಾಗ ಮೇಲಿನ ಮೆಟ್ಟಿಲಲ್ಲಿ ಎಂದಿನಂತೆ ಅಮ್ಮನ ಕಾಲದ ಪಟ್ಟದ ಗೊಂಬೆಗಳು. ಕೆಳಗಿನ ಮೆಟ್ಟಿಲಲ್ಲಿ ಚನ್ನಪಟ್ಟಣದ ಜೋಡಿ. ಪಕ್ಕದಲ್ಲಿ ಹಸಿರು ಪಟ್ಟೆಯ ಆ ಸೊಟ್ಟ ಬುಗುರಿ. ನೋಡೋಕೆ ಬಂದವರೆಲ್ಲ, 'ಇದ್ಯಾಕೆ ಇಲ್ಲಿ?' ಅಂತ ಕೇಳಿದರು. 'ನಮ್ಮ ತಾತ ಮಾಡಿದ್ದು' ಅಂತ ನನ್ನ ಮಗಳು ಪ್ರತಿಯೊಬ್ಬರಿಗೂ ಹೇಳಿದಳು. ಅಪ್ಪ ಸೋಫಾದಲ್ಲಿ ಕೂತು ಪೇಪರ್ ಓದೋ ಹಾಗೆ ಮಾಡ್ತಾ ಕೇಳಿಸಿಕೊಳ್ತಾ ಇದ್ದರು. ಹಬ್ಬ ಮುಗಿದ ಮೇಲೆ ಒಂದು ದಿನ ಅವರೇ ಕೇಳಿದರು, 'ಇನ್ನೊಂದ್ಸಲ ಯಾವಾಗ ಹೋಗೋಣ? ಆ ಬುಗುರಿ ಸರಿ ಮಾಡ್ಬೇಕು.'

ಸಂಕ್ರಾಂತಿ ಮುಗಿದ ಮೇಲೆ ಹೋಗ್ತಾ ಇದ್ದೀವಿ. ಈ ಸಲ ಕೆಂಗೇರಿಯಿಂದ ರೈಲಿನಲ್ಲಿ.